ಮಟನ್ ಅಂಗಡಿ ಮಗಳ ಅಲರ್ಜಿ

ಸೆಪ್ಟೆಂಬರ್ 9, ಸೋಮವಾರ

ಬಂದು ಐದು ದಿನ. ಇದುವರೆಗೆ ಹೊಟ್ಟೆಗೆ ಬಿದ್ದದ್ದು ಇಷ್ಟು: ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಅಮ್ಮಿ ಕಟ್ಟಿಕೊಟ್ಟ ಉಪ್ಪಿನಕಾಯಿ, ಮತ್ತೆ ಬಾಳೆಹಣ್ಣು. ಇನ್ನೊಂದು ವಾರ ಹೀಗೇ ಆದರೆ ಬಾಲ ಬರುವುದೊಂದೇ ಬಾಕಿ.

ಇವತ್ತು ಗಟ್ಟಿ ಮನಸ್ಸು ಮಾಡಿ ದೊಡ್ಡ ಅಂಗಡಿಗೆ ಹೋದೆ. ಬ್ರೆಡ್ಡಿನ ಕವರು ತಿರುಗಿಸಿ ನೋಡಿದರೆ, ಅದರೊಳಗೆ ಹಾಕಿದ ಪದಾರ್ಥಗಳ ಪಟ್ಟಿ ಮದುವೆ ಕಾಗದದಲ್ಲಿರುವ ಬಂಧುಬಳಗದ ಪಟ್ಟಿಗಿಂತ ಉದ್ದ. ಅಕ್ಷರವೋ, ಇರುವೆಯ ಕಾಲಿನಷ್ಟು. ಹಂದಿಯ ಕೊಬ್ಬು ಅದರಲ್ಲಿ ಯಾವ ಹೆಸರಿಟ್ಟುಕೊಂಡು ಕೂತಿದೆಯೋ ಯಾರಿಗೆ ಗೊತ್ತು? ಪುಣ್ಯಕ್ಕೆ ಜೇಬಿನಲ್ಲಿ ಭೂತಗನ್ನಡಿ ಇತ್ತು. ಹಳೇ ಪುಸ್ತಕದ ಹುಳುಕು ನೋಡಲೆಂದು ಮೇಷ್ಟ್ರು ನಮಗೆಲ್ಲ ಒಂದೊಂದು ಕೊಟ್ಟಿದ್ದಾರೆ. ವರ್ಕ್‌ಷಾಪ್ ಬಿಟ್ಟು ಹೊರಗೆ ಒಯ್ಯಬೇಡಿ ಎಂದೂ ಹೇಳಿದ್ದಾರೆ. ಒಯ್ದೆ. ಒಂದೊಂದೇ ಪೊಟ್ಟಣಕ್ಕೆ ಗಾಜು ಹಿಡಿದು ಓದುತ್ತ ನಿಂತೆ. ಅರ್ಧ ಗಂಟೆಯ ಮೇಲೆ ನೋಡುತ್ತೇನೆ, ಅಂಗಡಿಯ ಕಾವಲುಗಾರ ನನ್ನ ಹಿಂದೆ ನಿಂತು ಅವನೂ ಓದುತ್ತಿದ್ದಾನೆ! ಕೊನೆಗೆ ಮತ್ತೆ ಬಾಳೆಹಣ್ಣನ್ನೇ ತಂದೆ. ಅದರ ಹಿಂದೆ ಯಾರೂ ಏನೂ ಬರೆದಿಲ್ಲ.

ಹೊರಡುವಾಗ ಚಿಕ್ಕಮ್ಮ ಕೇಳಿದ್ದು ನೆನಪಾಯಿತು. "ಹರಿದ ಪುಸ್ತಕ ಅಂಟಿಸೋದು ಕಲಿಯೋಕೆ ಸಮುದ್ರ ದಾಟಬೇಕೇನೇ? ಇಲ್ಲೇ ಅಂಟು ಸಿಗಲ್ವಾ?" ಆಗ ಸಿಟ್ಟು ಬಂದಿತ್ತು. ಇವತ್ತು ಹಸಿದ ಹೊಟ್ಟೆಯಲ್ಲಿ ಅವಳ ಮಾತು ನ್ಯಾಯವಾಗಿಯೇ ಕಾಣಿಸಿತು.

ಸೆಪ್ಟೆಂಬರ್ 12, ಗುರುವಾರ

ಕಾಲೇಜಿನ ಕ್ಯಾಂಟೀನಿಗೆ ಹೋಗಿ, ಬಡಿಸುವ ಹೆಂಗಸಿಗೆ ಸತ್ಯವನ್ನೇ ಹೇಳಿದೆ. ನಾನು ಮುಸ್ಲಿಮಳು, ನಮ್ಮ ಪದ್ಧತಿಯಂತೆ ದೇವರ ಹೆಸರು ಹೇಳಿ ಕೊಯ್ದದ್ದಾದರೆ ಮಾತ್ರ ಮಾಂಸ ತಿನ್ನುತ್ತೇನೆ, ಹಂದಿ ಮುಟ್ಟುವುದಿಲ್ಲ, ಮದ್ಯ ಹಾಕಿದ ಸಾರೂ ಬೇಡ.

ಪಾಪ, ಒಳ್ಳೆಯ ಹೆಂಗಸು. ಬೈಯಲಿಲ್ಲ, ನಗಲಿಲ್ಲ. ಕೇಳಿದಳು. "ಇಲ್ಲಿ ನಿಮ್ಮೋರು ಯಾರೂ ನೋಡ್ತಿಲ್ವಲ್ಲ?" "ಗೊತ್ತಿಲ್ದೇ ತಿಂದ್ರೆ?" "ಕಾಡಲ್ಲಿ ಸಿಕ್ಕಿಹಾಕ್ಕೊಂಡು ಬರೀ ಹಂದಿನೇ ಇದ್ರೆ?" "ಇಲ್ಲೇ ನೀನೇ ಮಂತ್ರ ಹೇಳಿಬಿಟ್ರೆ ನಡೆಯಲ್ವಾ?" ನನ್ನ ಹಿಂದೆ ಹನ್ನೊಂದು ಜನ ತಟ್ಟೆ ಹಿಡಿದು ನಿಂತಿದ್ದರು. ಅವರಲ್ಲಿ ಇಬ್ಬರು ಚರ್ಚೆಗೂ ಸೇರಿಕೊಂಡರು. ಇಪ್ಪತ್ತು ನಿಮಿಷದ ಮೇಲೆ ಒಂದು ಬಟ್ಟಲು ಬೇಯಿಸಿದ ಬಟಾಣಿ ಸಿಕ್ಕಿತು. ತಣ್ಣಗಾಗಿತ್ತು.

ನನಗೆ ಹೇಳಿಕೊಳ್ಳಲು ನಾಚಿಕೆ ಇಲ್ಲ. ಆದರೆ ದಿನಕ್ಕೆ ಮೂರು ಹೊತ್ತು ಪರೀಕ್ಷೆ ಕೊಟ್ಟು ಪಾಸಾದಮೇಲೆ ಊಟ ಎಂದರೆ, ನನ್ನ ಕೈಲಿ ಆಗುವುದಿಲ್ಲಪ್ಪ.

ಸೆಪ್ಟೆಂಬರ್ 13, ಶುಕ್ರವಾರ

ಮಂತ್ರ ಸಿಕ್ಕಿತು! ಮೂರೇ ಅಕ್ಷರ!

ಇವತ್ತು ಹಾಸ್ಟೆಲಿನಲ್ಲಿ ಹೊಸಬರಿಗೆ ಸ್ವಾಗತದ ಊಟ. ಬಿಳಿ ಅಂಗಿಯ ಸರ್ವರ್ ನನ್ನ ಮುಂದೆ ಗಸಿಯಲ್ಲಿ ಮುಳುಗಿದ ಮಾಂಸದ ತಟ್ಟೆ ಇಟ್ಟ. ನಾನು ಬೇಡ ಎಂದೆ. ಯಾಕೆ ಎಂದ. ನಿನ್ನೆಯ ಬಟಾಣಿ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಒಂದೇ ಮಾತು: "ಅಲರ್ಜಿ."

ಅಬ್ಬಬ್ಬಾ! ತಟ್ಟೆ ಮಾಯ! ಅಡುಗೆಯವನೇ ಟೋಪಿ ತೆಗೆದು ಓಡಿ ಬಂದು ಕ್ಷಮೆ ಕೇಳಿದ. ಬೇರೆ ಪಾತ್ರೆ, ಬೇರೆ ಚಮಚ, ಬೇರೆ ಎಣ್ಣೆಯಲ್ಲಿ ಮಾಡಿದ ಬಿಸಿಬಿಸಿ ತರಕಾರಿ ಅನ್ನ ಬಂತು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಈ ಊರಿನಲ್ಲಿ ರೋಗಕ್ಕಿರುವ ಮರ್ಯಾದೆ ನೋಡಿ ದಂಗಾದೆ. ಹೊಟ್ಟೆ ಒಲ್ಲೆ ಎಂದರೆ ತಲೆ ಬಾಗುತ್ತಾರೆ, ಮನಸ್ಸು ಒಲ್ಲೆ ಎಂದರೆ ಕಾರಣ ಕೊಡು ಎನ್ನುತ್ತಾರೆ.

ಯಾರೂ ಕೇಳಲಿಲ್ಲ ಎಂದೆನಲ್ಲ, ಒಬ್ಬಳು ಕೇಳಿದಳು. ನನ್ನ ಪಕ್ಕದ ಕೋಣೆಯವಳು. ನರ್ಸಿಂಗ್ ಕೊನೆಯ ವರ್ಷ. "ಅಲರ್ಜಿನಾ? ಮಾಂಸಕ್ಕಾ? ತುಟಿ ಊದುತ್ತಾ, ಉಸಿರು ಕಟ್ಟುತ್ತಾ?" ಎಂದು ಕಣ್ಣರಳಿಸಿದಳು. ಯಾವುದು ಹೇಳಿದರೆ ಬೇಗ ಮುಗಿಯುತ್ತದೆ ಎಂದು ಗೊತ್ತಾಗದೆ "ಹೂಂ, ಎರಡೂ" ಎಂದೆ.

ಮಟನ್ ಅಂಗಡಿಯವರ ಮಗಳಿಗೆ ಮಾಂಸದ ಅಲರ್ಜಿ! ಅಬ್ಬಾಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಸೆಪ್ಟೆಂಬರ್ 15, ಭಾನುವಾರ

ನಾಲ್ಕನೇ ಮಹಡಿಯಲ್ಲಿ ಇರುವುದು ನಾವಿಬ್ಬರೇ. ಅಕ್ಕಪಕ್ಕ ಎರಡು ಕೋಣೆ, ಇಬ್ಬರಿಗೂ ಸೇರಿ ಒಂದು ಅಡುಗೆಮನೆ, ಎರಡು ಒಲೆ. ಬೆಳಿಗ್ಗೆ ಎದ್ದು ಹೋದರೆ ಅಡುಗೆಮನೆ ಆಸ್ಪತ್ರೆಯ ಹಾಗೆ ಹೊಳೆಯುತ್ತಿದೆ. ಗೋಡೆಯ ಮೇಲೆ ಕೆಂಪಕ್ಷರದ ಚೀಟಿ: "ಎಚ್ಚರಿಕೆ! ಪ್ರಾಣಾಪಾಯ! ಈ ಅಡುಗೆಮನೆಗೆ ಯಾವುದೇ ಮಾಂಸ ತರಬೇಡಿ!"

ನರ್ಸಮ್ಮ ಮಂಡಿಯೂರಿ ಫ್ರಿಜ್ಜಿನ ಕೆಳಗೆ ಒರೆಸುತ್ತಿದ್ದಳು. (ಇವತ್ತಿನಿಂದ ಅವಳ ಹೆಸರು ನರ್ಸಮ್ಮ.)

"ಅಯ್ಯೋ, ಇಷ್ಟೆಲ್ಲ ಯಾಕೆ?" ಎಂದೆ.

"ಸುಮ್ನಿರು. ವಾಸನೆಗೇ ಉಸಿರು ಕಟ್ಟಿದೋರನ್ನ ನೋಡಿದೀನಿ."

ಅವಳ ಕೈಯಲ್ಲಿ ಒಂದು ಕಬ್ಬಿಣದ ಬಾಣಲೆ ಇತ್ತು. ಹಿಡಿ ಸವೆದು ನುಣುಪಾಗಿದೆ. ಅಜ್ಜಿಯದಂತೆ. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಮನೆಯವರೆಲ್ಲ ಬೇರೆ ಬೇರೆ ವಸ್ತು ಕೇಳಿದರೆ ಇವಳು ಇದನ್ನು ಮಾತ್ರ ಕೇಳಿ ತಂದುಕೊಂಡಳಂತೆ. ಪ್ರತಿ ಭಾನುವಾರ ಅದರಲ್ಲಿ ಅಜ್ಜಿಯ ಕೈರುಚಿಯ ಹಂದಿಮಾಂಸದ ಸಾರು ಮಾಡುತ್ತಿದ್ದಳಂತೆ. ಅದನ್ನು ಹಳೇ ಸೀರೆಯಂಥದೊಂದು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದಳು.

"ಬೇಜಾರಿಲ್ವಾ?" ಎಂದೆ.

"ಸಾರು ಮುಂದಿನ ವರ್ಷಾನೂ ಮಾಡಬಹುದು. ನೀನು ಸತ್ರೆ ಮುಂದಿನ ವರ್ಷ ಬರ್ತೀಯಾ?"

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಹಂದಿಯ ಪಾತ್ರೆ ಹೋಯಿತು, ಅಡುಗೆಮನೆ ಶುದ್ಧವಾಯಿತು, ನಾನು ಯಾರ ಹತ್ತಿರವೂ ಬೇಡಿಕೊಳ್ಳಲಿಲ್ಲ. ಆದರೂ ಆ ಬಾಣಲೆಯ ಹಿಡಿ ಕಣ್ಣಿಗೆ ಕಟ್ಟಿದೆ.

ಸೆಪ್ಟೆಂಬರ್ 28, ಶನಿವಾರ

ಹಲಾಲ್ ಮಾಂಸದಂಗಡಿ ಸಿಕ್ಕಿತು! ಊರಿನ ಇನ್ನೊಂದು ತುದಿ, ಎರಡು ಬಸ್ಸು. ಬಾಗಿಲು ತಳ್ಳಿದ ಕೂಡಲೇ ಹಸಿ ಮಾಂಸ, ಮರದ ಪುಡಿ, ತೊಳೆದ ನೆಲ, ಎಲ್ಲ ಸೇರಿದ ಆ ವಾಸನೆ. ಅಲ್ಲೇ ನಿಂತು ಎರಡು ಹನಿ ಕಣ್ಣೀರು ಹಾಕಿದೆ. ಬೇರೆಯವರಿಗೆ ಮಲ್ಲಿಗೆ ವಾಸನೆಗೆ ಊರು ನೆನಪಾಗುತ್ತದೆ, ನನಗೆ ಇದಕ್ಕೆ.

ಅಂಗಡಿಯವರು ಬಿಳಿ ಗಡ್ಡದ ಹಿರಿಯರು, ಬೇರೆ ಯಾವುದೋ ದೇಶದಿಂದ ಬಂದು ನೆಲೆಸಿದವರು. ಚಾಚಾ ಎಂದೆ, ಓಗೊಟ್ಟರು. ಅರ್ಧ ಕೇಜಿ ಕೇಳಿದೆ. ಭುಜದ ಮೂಳೆ ಬಿಡಿಸುವುದನ್ನು ನೋಡಿದೆ. ತಡೆಯಲಾಗಲಿಲ್ಲ.

"ಚಾಚಾ, ಕತ್ತಿ ಮೂಳೆಗೆ ಒರಗಿಸಿ ಹೋಗಬೇಕು. ಹೀಗೆ ಗರಗಸ ಎಳೆದ ಹಾಗೆ ಎಳೆದ್ರೆ ಅರ್ಧ ಮಾಂಸ ಮೂಳೆಗೇ ಉಳಿಯುತ್ತೆ."

"ಓಹೋ! ಬಾಮ್ಮ, ನೀನೇ ಮಾಡು," ಎಂದು ಕತ್ತಿ ಚಾಚಿದರು.

ಮಾಡಿದೆ. ಮೂಳೆ ಹಾಲಿನಲ್ಲಿ ತೊಳೆದ ಹಾಗೆ ಹೊರಬಂತು. ಚಾಚಾ ಅದನ್ನು ಬೆಳಕಿಗೆ ಹಿಡಿದು ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ಇನ್ನು ಶನಿವಾರ ಬಂದು ಎರಡು ಗಂಟೆ ಕೈ ಕೊಡು, ನಿನಗೆ ಬೇಕಾದಷ್ಟು ಮಾಂಸ ಒಯ್ಯಿ ಎಂದರು.

ಹಾಡಿಕೊಂಡು ಬಸ್ಸು ಹತ್ತಿದೆ. ಇಳಿಯುವ ನಿಲ್ದಾಣ ಬಂದಾಗ ತಲೆಗೆ ಹೊಳೆಯಿತು. ಇದನ್ನು ಬೇಯಿಸುವುದು ಎಲ್ಲಿ? ಕೆಂಪು ಚೀಟಿಯ ಕೆಳಗಾ?

ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಕೂತು ಕೊನೆಯ ನಿಲ್ದಾಣ ಮುಟ್ಟಿ ವಾಪಸ್ ಅಂಗಡಿಗೆ ಹೋದೆ. ಚಾಚಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೇಯಿಸಿಕೊಟ್ಟರು. ಮೂರು ತಟ್ಟೆ ತಿಂದೆ. ನನ್ನ ಸುಳ್ಳು ಮೊದಲು ಮುಚ್ಚಿದ್ದು ನನ್ನ ಬಾಯನ್ನೇ.

ಸೆಪ್ಟೆಂಬರ್ 29, ಭಾನುವಾರ

ಅಬ್ಬಾಗೆ ಫೋನು. ಅಲರ್ಜಿಯ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಅಡುಗೆಯವನು ಟೋಪಿ ತೆಗೆದದ್ದು, ನರ್ಸಮ್ಮ ನೆಲ ಒರೆಸಿದ್ದು. ಅಮ್ಮಿ ಹಿಂದಿನಿಂದ ಬಿದ್ದು ಬಿದ್ದು ನಕ್ಕಿದ್ದು ಕೇಳಿಸಿತು. ಅಬ್ಬಾ ನಗಲಿಲ್ಲ.

"ಒಂದು ಹೇಳು. ನಮ್ಮ ಅಂಗಡಿಗೆ ಬರೋರು ಮಾಂಸ ನೋಡಿ, ಇದು ಹಲಾಲ್ ಹೌದೋ ಅಲ್ವೋ ಅಂತ ಕಂಡುಹಿಡೀತಾರಾ?"

"ಇಲ್ಲ. ನೋಡೋಕೆ ಎಲ್ಲಾ ಒಂದೇ ಥರ."

"ಮತ್ತೆ ಹೇಗೆ ಒಯ್ತಾರೆ?"

"ನೀವು ಹೇಳ್ತೀರಲ್ಲ."

"ಹೂಂ. ನಾನು ಹೇಳ್ತೀನಿ. ಮೂವತ್ತು ವರ್ಷದಿಂದ ಅಂಗಡೀಲಿ ಇರೋದು ಆ ಮಾತೊಂದೇ ಮಗಳೇ, ಬಾಕಿ ಎಲ್ಲಾ ಕತ್ತಿ ತಕ್ಕಡಿ." ಅಷ್ಟರಲ್ಲಿ ಗಿರಾಕಿ ಬಂದರೆಂದು ಇಟ್ಟುಬಿಟ್ಟರು.

ಅಬ್ಬಾ ಯಾವಾಗಲೂ ಹೀಗೆ. ತಮಾಷೆಗೆ ಹೇಳಿದ್ದನ್ನು ತಕ್ಕಡಿಗೆ ಹಾಕುತ್ತಾರೆ.

ಅಕ್ಟೋಬರ್ 8, ಮಂಗಳವಾರ

ಇವತ್ತು ಅಂಟು ಕಾಯಿಸುವುದು ಕಲಿತೆವು. ಪ್ರಾಣಿಯ ಚರ್ಮ, ಮೂಳೆ ಕುದಿಸಿ ಮಾಡಿದ ಹಳೇ ಕಾಲದ ಅಂಟು. ಕಾಳಿನ ಹಾಗಿರುವುದನ್ನು ನೀರಲ್ಲಿ ನೆನೆಸಿ, ಹಬೆಯ ಮೇಲೆ ಕರಗಿಸಬೇಕು. ವರ್ಕ್‌ಷಾಪ್ ತುಂಬ ಕಾಲುಸೂಪಿನ ವಾಸನೆ. ಎಲ್ಲರೂ ಮೂಗು ಮುಚ್ಚಿಕೊಂಡರೆ ನನಗೆ ಬಾಯಲ್ಲಿ ನೀರು.

"ಮೇಷ್ಟ್ರೇ, ಇದು ಯಾವ ಪ್ರಾಣಿ?"

ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. "ಯಾವುದೋ ಒಂದು. ತಿನ್ನಬೇಡ, ಅಂಟಿಸು."

ಇನ್ನೂರು ವರ್ಷ ಹಳೆಯ ಅಡುಗೆ ಪುಸ್ತಕದ ಬೆನ್ನಿಗೆ ಚರ್ಮದ ಪಟ್ಟಿ ಕೂರಿಸಿದೆ. ಮೇಷ್ಟ್ರು ಬೆರಳಾಡಿಸಿ, "ಚರ್ಮದ ಮೇಲೆ ನಿನ್ನ ಕೈ ಚೆನ್ನಾಗಿ ಓಡುತ್ತೆ, ಎಲ್ಲಿ ಕಲಿತೆ?" ಎಂದರು. ಅಪ್ಪನ ಅಂಗಡಿಯಲ್ಲಿ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಮಟನ್ ಅಂಗಡಿ ಎಂದರೆ ಆ ಮಾತು ಹಾಸ್ಟೆಲ್ಲಿಗೆ ಮುಟ್ಟಲು ಎಷ್ಟು ಹೊತ್ತು? "ಹೀಗೇ, ಮನೆಯಲ್ಲಿ," ಎಂದೆ.

ಅಬ್ಬಾನ ಹೆಸರನ್ನು ಜೀವನದಲ್ಲಿ ಮೊದಲ ಸಲ ನುಂಗಿದ್ದು. ಒಂಚೂರೂ ರುಚಿಯಾಗಿರಲಿಲ್ಲ.

ಅಕ್ಟೋಬರ್ 20, ಭಾನುವಾರ

ಅಡುಗೆಮನೆಯಲ್ಲಿ ಕಿತ್ತಳೆ ಹಣ್ಣಿನ ಕೊಲೆ ನಡೆಯುತ್ತಿದೆ. ನರ್ಸಮ್ಮ ಆಸ್ಪತ್ರೆಯ ಡಾಕ್ಟರರನ್ನು ಕಾಡಿಬೇಡಿ, ಉಸಿರು ಕಟ್ಟಿದವರ ತೊಡೆಗೆ ಚುಚ್ಚುವ ಪೆನ್ನಿನಂಥ ಇಂಜೆಕ್ಷನ್ ತಂದಿದ್ದಾಳೆ. ನನಗಾಗಿ! ಅಭ್ಯಾಸದ ಖಾಲಿ ಪೆನ್ನು ಹಿಡಿದು "ಪೆನ್ನಿನ ಟೋಪಿ ತೆಗಿ, ಒತ್ತು, ಹತ್ತು ಎಣಿಸು" ಎನ್ನುತ್ತ ಕಿತ್ತಳೆಗೆ ಗುದ್ದುತ್ತಾಳೆ. ನಿಜವಾದದ್ದು ಸದಾ ಅವಳ ಕೋಟಿನ ಬಲ ಜೇಬಿನಲ್ಲಿ.

ಇವಳಷ್ಟು ನಗುವವಳನ್ನು ನಾನು ನೋಡಿಲ್ಲ. ನನ್ನ ಉಪ್ಪಿನಕಾಯಿ ನೆಕ್ಕಿ ಕುಣಿಯುತ್ತಾಳೆ, ಖಾರಕ್ಕೆ ಮೂಗು ಸೋರಿದರೂ ಬಿಡುವುದಿಲ್ಲ. ಜ್ವರ ಬಂದ ಎರಡು ದಿನ ಗಂಜಿ ಕಾಯಿಸಿ ಕೊಟ್ಟಳು. ಕೊಡುವ ಮುಂಚೆ ಅಕ್ಕಿಯ ಕವರನ್ನು ಓದಿ ಹೇಳಿದಳು, ನನ್ನ ಭೂತಗನ್ನಡಿಯಲ್ಲೇ. ಆದರೆ ಭಾನುವಾರ ಸಂಜೆಯಾದರೆ ಸ್ವಲ್ಪ ಮಂಕಾಗುತ್ತಾಳೆ. ಅದು ಸಾರಿನ ಹೊತ್ತು ಎಂದು ನನಗೆ ಗೊತ್ತು.

ಇಲ್ಲಿ ನನಗೆ ಇರುವುದು ಇವಳೊಬ್ಬಳೇ. ಗೊತ್ತಾದರೆ ಇವಳೂ ಇರುವುದಿಲ್ಲ.

ನವೆಂಬರ್ 4, ಸೋಮವಾರ

ಕೆಟ್ಟೆ! ನರ್ಸಮ್ಮ ಕುಣಿಯುತ್ತ ಬಂದಳು. ಅಲರ್ಜಿ ತಜ್ಞರ ಹತ್ತಿರ ನನಗೆ ಸಮಯ ಸಿಕ್ಕಿದೆಯಂತೆ, 18ನೇ ತಾರೀಕು. ಎಲ್ಲರಿಗೂ ವರ್ಷ ಕಾಯಬೇಕಂತೆ, ಇವಳು ಮೇಲಿನ ನರ್ಸಿನ ಕೈಕಾಲು ಹಿಡಿದಳಂತೆ. ತೋಳಿನ ಮೇಲೆ ಒಂದೊಂದು ಮಾಂಸದ ರಸದ ಹನಿ ಹಾಕಿ ಗೀಚಿ ನೋಡುತ್ತಾರಂತೆ.

"ಯಾವುದು ಅಂತ ಗೊತ್ತಾದ್ರೆ ಬೇರೆದು ತಿನ್ನಬಹುದು ಕಣೇ! ಆಗ ನಾನು ನಿನಗೆ ಅಜ್ಜಿ ಸಾರು ಮಾಡಿ ಹಾಕ್ತೀನಿ."

ಹದಿನಾಲ್ಕು ದಿನ ಇದೆ. ಹೇಳಿಬಿಡುತ್ತೇನೆ.

ನವೆಂಬರ್ 10, ಭಾನುವಾರ

ಕನ್ನಡಿಯ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿಕೊಂಡು ಹೋದೆ. "ನಿನಗೊಂದು ವಿಷಯ ಹೇಳಬೇಕು" ಎಂದೆ. ಅವಳು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿ ಕೂತಳು. ಕೈ ತಾನಾಗಿ ನನ್ನ ನಾಡಿಯ ಮೇಲೆ ಹೋಯಿತು. "ಏನಾಯ್ತು? ಉಸಿರು ಸರಿ ಇದೆಯಾ?"

"ನಿನ್ನ ಕಾಲುಚೀಲ ನನ್ನ ಬಟ್ಟೆ ಜೊತೆ ಬಂದಿದೆ," ಎಂದು ಹೇಳಿ ಬಂದೆ.

ಥೂ ನನ್ನ!

ನವೆಂಬರ್ 16, ಶನಿವಾರ

ನಗುವೂ ಬರುತ್ತಿದೆ, ಅಳುವೂ.

ಚಾಚಾ ಅಂಗಡಿಯಲ್ಲಿ ಮಧ್ಯಾಹ್ನ. ಮೊಣಕೈವರೆಗೆ ತೋಳು ಮಡಚಿ, ಏಪ್ರನ್ ಕಟ್ಟಿ, ಮರದ ಕೊರಡಿನ ಮೇಲೆ ಕುರಿಯ ತೊಡೆ ಇಟ್ಟುಕೊಂಡು ಕೊಚ್ಚುತ್ತಿದ್ದೆ. ಹಾಡು ಬೇರೆ. ಅಂಗಡಿಯ ಗಾಜಿನಾಚೆ ಯಾರೋ ನಿಂತ ಹಾಗಾಯಿತು. ತಲೆ ಎತ್ತಿದೆ. ನರ್ಸಮ್ಮ!

ಆ ಬೀದಿಯ ಮುದುಕರೊಬ್ಬರ ಗಾಯಕ್ಕೆ ಪಟ್ಟಿ ಕಟ್ಟಲು ಅವಳನ್ನು ಕಳಿಸಿದ್ದರಂತೆ. ಅದು ಆಮೇಲೆ ಗೊತ್ತಾಯಿತು. ಆಗ ಕಂಡದ್ದು, ಬಾಗಿಲು ಗೋಡೆಗೆ ಬಡಿದು ತೆರೆದದ್ದು, ಬಿಳಿ ಕೋಟು ಗಾಳಿಯಂತೆ ನುಗ್ಗಿದ್ದು.

"ಮುಟ್ಟಬೇಡ! ಕೈ ಮೇಲೆತ್ತು! ಎಲ್ಲರೂ ಸರೀರಿ, ಈ ಹುಡುಗಿ ಸಾಯ್ತಾಳೆ!"

ಸಾಲಿನಲ್ಲಿದ್ದ ಗಿರಾಕಿಗಳು ಗೋಡೆಗೆ ಅಂಟಿಕೊಂಡರು. ಚಾಚಾ ಸಹ ಕೈ ಮೇಲೆತ್ತಿದರು. ನರ್ಸಮ್ಮನ ಬಲಗೈಯಲ್ಲಿ ಪೆನ್ನು. ಅದರ ಟೋಪಿ ತೆಗೆದಿದ್ದಳು. ಕಿತ್ತಳೆಗೆ ಗುದ್ದಿದಷ್ಟೇ ಜೋರಾಗಿ ನನ್ನ ತೊಡೆಗೆ ಗುರಿಯಿಟ್ಟು ಬಂದಳು. ನಾನು ಜೀವ ಉಳಿಸಿಕೊಳ್ಳಲು ಪಕ್ಕಕ್ಕೆ ಹಾರಿದೆ. ಇಂಜೆಕ್ಷನ್ ಹೋಗಿ ಕೊರಡಿನ ಮೇಲಿದ್ದ ಕುರಿಯ ತೊಡೆಗೆ ಚುಚ್ಚಿಕೊಂಡಿತು. ಅವಳು ಅಭ್ಯಾಸಬಲದಿಂದ ಹತ್ತು ಎಣಿಸಿಯೂ ಎಣಿಸಿದಳು. ಎಣಿಸಿ ಮುಗಿದಮೇಲೆ ಕೆಳಗೆ ನೋಡಿದಳು.

"ಇದನ್ನ ಇನ್ನು ಯಾರಿಗಮ್ಮ ಮಾರಲಿ?" ಎಂದರು ಚಾಚಾ.

"ಇವಳಿಗೆ ಅಲರ್ಜಿ," ಎಂದಳು ನರ್ಸಮ್ಮ, ಏದುಸಿರು ಬಿಡುತ್ತ.

"ಇವಳಿಗಾ? ಎರಡು ತಿಂಗಳಿಂದ ಶನಿವಾರ ಶನಿವಾರ ಇಲ್ಲಿ ಮೂರು ತಟ್ಟೆ ತಿಂತಾಳೆ!"

ನನ್ನ ತುಟಿ ಊದಿರಲಿಲ್ಲ. ಉಸಿರು ಸರಿಯಾಗಿಯೇ ಇತ್ತು. ಅವಳು ನನ್ನ ಮುಖವನ್ನು, ಕೈಯಲ್ಲಿದ್ದ ಕತ್ತಿಯನ್ನು ನೋಡಿದಳು. ಅವಳಿಗೆ ಅರ್ಥವಾಗುವುದನ್ನು ನಾನು ನಿಂತು ನೋಡಿದೆ. ಖಾಲಿ ಪೆನ್ನಿಗೆ ಟೋಪಿ ಹಾಕಿ, ಜೇಬಿಗಿಟ್ಟು, ಚಾಚಾಗೆ "ಕ್ಷಮಿಸಿ" ಎಂದು ಹೇಳಿ ಹೋದಳು.

ನವೆಂಬರ್ 17, ಭಾನುವಾರ

ಗೋಡೆಯ ಮೇಲೆ ಕೆಂಪು ಚೀಟಿ ಇಲ್ಲ. ಅಂಟಿಸಿದ್ದ ನಾಲ್ಕು ಮೂಲೆಯ ಗುರುತು ಮಾತ್ರ.

ನವೆಂಬರ್ 18, ಸೋಮವಾರ

ತಜ್ಞರ ಆಸ್ಪತ್ರೆಗೆ ನಾನೇ ಹೋಗಿ, ನನಗೆ ಪರೀಕ್ಷೆ ಬೇಡ ಎಂದು ಹೇಳಿ ಬಂದೆ. ಆ ಸಮಯ ಬೇರೆ ಯಾರಿಗೋ ಸಿಕ್ಕಿತು. ಒಬ್ಬ ತಾಯಿ, ಮೈಯೆಲ್ಲ ದದ್ದು ಎದ್ದ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ನವೆಂಬರ್ 20, ಬುಧವಾರ

ಅಡುಗೆಮನೆಗೆ ನಾನು ಬಂದರೆ ಅವಳು ಹೋಗುತ್ತಾಳೆ. ಉಪ್ಪಿನಕಾಯಿ ಬಾಟಲಿಯನ್ನು ತೊಳೆದು ನನ್ನ ಬಾಗಿಲ ಮುಂದೆ ಇಟ್ಟಿದ್ದಾಳೆ.

ನವೆಂಬರ್ 23, ಶನಿವಾರ

ಬಾಗಿಲು ತಟ್ಟಿದೆ. ತೆರೆದಳು. ನಿಂತಲ್ಲೇ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹಲಾಲ್, ಬಟಾಣಿ, ಹನ್ನೊಂದು ಜನರ ಸಾಲು, ಮೂರಕ್ಷರದ ಮಂತ್ರ, ಅಬ್ಬಾನ ಅಂಗಡಿ. ಅವಳು ಕೇಳಿಸಿಕೊಂಡಳು.

"ನಿನ್ನ ಧರ್ಮ ನಿನಗೆ ಬೇಕು ಅಂದ್ರೆ ನಾನು ಬೇಡ ಅಂತಿದ್ನಾ?"

"ಇಲ್ಲ."

"ಗೋಡೆ ಆಚೆ ನೀನು ಕೆಮ್ಮಿದ್ರೆ ನಾನು ಎದ್ದು ಕೂರ್ತಿದ್ದೆ, ಗೊತ್ತಾ? ನಿನ್ನ ಉಸಿರು ಕೇಳಿಸ್ತಾ ಇದೆಯಾ ಅಂತ ಗೋಡೆಗೆ ಕಿವಿ ಇಟ್ಟು ಮಲಗ್ತಿದ್ದೆ. ಎರಡು ತಿಂಗಳು."

ನನಗೆ ಗೊತ್ತಿರಲಿಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ತಪ್ಪಾಯ್ತು ಕಣೇ."

"ಇದು ನಿಜಾನಾ, ಇದೂ ಅಲರ್ಜಿನಾ? ನಾನು ಹೇಗೆ ಹೇಳಲಿ? ನೋಡೋಕೆ ಎರಡೂ ಒಂದೇ ಥರ ಇರುತ್ತೆ."

ಬಾಗಿಲು ಮುಚ್ಚಿತು. ಅಬ್ಬಾ ಫೋನಿನಲ್ಲಿ ನನ್ನಿಂದ ಹೇಳಿಸಿದ ಮಾತನ್ನು ಅವಳಿಗೆ ಯಾರು ಹೇಳಿಕೊಟ್ಟರು?

ನವೆಂಬರ್ 29, ಶುಕ್ರವಾರ

ಹಾಸ್ಟೆಲಿನ ದೊಡ್ಡ ಊಟ, ರಜೆಗೆ ಮುಂಚಿನದು. ನರ್ಸಮ್ಮ ಮೇಜಿನ ಆ ತುದಿ, ನಾನು ಈ ತುದಿ. ನಡುವೆ ಇಪ್ಪತ್ತು ಜನ.

ಅದೇ ಬಿಳಿ ಅಂಗಿಯ ಸರ್ವರ್ ನನ್ನನ್ನು ಗುರುತು ಹಿಡಿದು, ಮುಚ್ಚಳ ಹಾಕಿದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಂದ. "ಮೇಡಂ, ನಿಮ್ಮದು ಬೇರೆ ಮಾಡಿಸಿದೀವಿ. ಅಲರ್ಜಿ ಅಲ್ವಾ?" ಹೂಂ ಎಂದರೆ ಸಾಕಿತ್ತು. ಬಿಸಿ ಅನ್ನದ ಹಬೆ ಮೂಗಿಗೆ ಬರುತ್ತಿತ್ತು.

ಎದ್ದು ನಿಂತೆ. ಯಾಕೆ ಎದ್ದೆನೋ, ಕೂತೇ ಹೇಳಬಹುದಿತ್ತು.

"ನನಗೆ ಅಲರ್ಜಿ ಇಲ್ಲ. ಯಾವತ್ತೂ ಇರಲಿಲ್ಲ. ನಾನು ಮುಸ್ಲಿಮಳು, ಹಲಾಲ್ ಅಲ್ಲದ ಮಾಂಸ ತಿನ್ನಲ್ಲ. ಅವತ್ತು ಸುಳ್ಳು ಹೇಳಿದೆ. ನಮ್ಮಪ್ಪನದು ಮಟನ್ ಅಂಗಡಿ."

ಸರ್ವರ್ ತಟ್ಟೆಯನ್ನೂ ನನ್ನನ್ನೂ ನೋಡಿದ.

"ಅಷ್ಟೇನಾ? ಮೀನಿದೆ. ತರಲಾ?"

ಅಷ್ಟೇ! ಎರಡೂವರೆ ತಿಂಗಳು ನಾನು ಹೊತ್ತು ತಿರುಗಿದ್ದು ಇಷ್ಟಕ್ಕೆ! ಮೀನು ಬಂತು. ಮೀನಿಗೆ ನಮ್ಮಲ್ಲಿ ಕೊಯ್ಯುವ ಕಟ್ಟಳೆ ಇಲ್ಲ. ಪಕ್ಕದವನು ಶುರು ಮಾಡಿದ. "ಕಾಡಲ್ಲಿ ಸಿಕ್ಕಿಹಾಕ್ಕೊಂಡ್ರೆ?" ಅದಕ್ಕೆ ಉತ್ತರ ಹೇಳಿದೆ. ಎದುರಿನವಳು ಕೇಳಿದ್ದಕ್ಕೂ ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಮೀನು ತಣ್ಣಗಾಯಿತು. ತಿಂದೆ, ಚೆನ್ನಾಗಿಯೇ ಇತ್ತು.

ಮೇಜಿನ ಆ ತುದಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಡಿಸೆಂಬರ್ 3, ಮಂಗಳವಾರ

ಮೇಷ್ಟ್ರಿಗೆ ಭೂತಗನ್ನಡಿ ವಾಪಸ್ ಕೊಟ್ಟೆ. ಕವರು ಓದಲು ಈಗ ಅದು ಅಷ್ಟೇನೂ ಬೇಕಾಗುತ್ತಿಲ್ಲ. ಚರ್ಮದ ಕೆಲಸ ಅಪ್ಪನ ಮಟನ್ ಅಂಗಡಿಯಲ್ಲಿ ಕಲಿತೆ ಎಂದೂ ಹೇಳಿದೆ. "ಹಾಗನ್ನು!" ಎಂದು, ಮುಂದಿನ ಸಲ ಕುರಿಚರ್ಮ ಹದ ಮಾಡುವುದನ್ನು ತರಗತಿಗೆ ನೀನೇ ಹೇಳಿಕೊಡು ಎಂದರು. ಅಬ್ಬಾಗೆ ಫೋನು ಮಾಡಿ ಹೇಳಿದರೆ, ಅವರು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಅಲ್ಲೇ ಕೂಗಿ ಹೇಳಿದ್ದು ನನಗೂ ಕೇಳಿಸಿತು.

ಖಾಲಿ ಬಾಟಲಿಗೆ ಮತ್ತೆ ಅಮ್ಮಿಯ ಉಪ್ಪಿನಕಾಯಿ ತುಂಬಿಸಿ ಅಡುಗೆಮನೆಯಲ್ಲಿ ಎರಡು ಒಲೆಯ ನಡುವೆ ಇಟ್ಟಿದ್ದೆ. ಸಂಜೆ ನೋಡಿದರೆ ಒಂದು ಚಮಚದಷ್ಟು ಗುಳಿ ಬಿದ್ದಿದೆ. ಇಲಿ ಇರಲಾರದು.

ಡಿಸೆಂಬರ್ 8, ಭಾನುವಾರ

ಸಂಜೆ ಲೈಬ್ರರಿಯಿಂದ ಮೆಟ್ಟಿಲು ಹತ್ತಿ ಬರುತ್ತಿದ್ದಾಗಲೇ ವಾಸನೆ. ಎರಡನೇ ಮಹಡಿಯಲ್ಲಿ ಹಸಿವು ಶುರುವಾಯಿತು, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಓಡುತ್ತಿದ್ದೆ.

ಎರಡು ಒಲೆಯೂ ಉರಿಯುತ್ತಿತ್ತು. ಬಲಗಡೆಯದರ ಮೇಲೆ ಅಜ್ಜಿಯ ಕಬ್ಬಿಣದ ಬಾಣಲೆ. ಎಡಗಡೆಯದರ ಮೇಲೆ ನನ್ನ ಸ್ಟೀಲ್ ಪಾತ್ರೆ. ಗೋಡೆಯ ಮೇಲೆ ಹೊಸ ಚೀಟಿ: "ಬಲಗಡೆ ನಂದು. ಎಡಗಡೆ ಅವಳದು. ಚಮಚ ಅದಲುಬದಲು ಮಾಡಿದೋರಿಗೆ ಇಂಜೆಕ್ಷನ್."

ನರ್ಸಮ್ಮ ನನ್ನ ಕಡೆ ತಿರುಗದೆ ಮಾತಾಡಿದಳು. ಎರಡು ವಾರದ ಮೇಲೆ ಮೊದಲ ಮಾತು.

"ನಿನ್ನ ಪಾತ್ರೇಲಿ ಇರೋದು ಕುರಿ. ಚಾಚಾ ಅಂಗಡಿಗೆ ನಾನೇ ಹೋಗಿ ತಂದೆ. ನನ್ನನ್ನ ನೋಡಿದ ಕೂಡಲೇ ಅವರು ತೊಡೆ ಎಲ್ಲಾ ತೆಗೆದು ಒಳಗಿಟ್ರು ಕಣೇ! ಅಜ್ಜಿ ಹಂದಿ ಹಾಕ್ತಿದ್ಳು, ಇದಕ್ಕೆ ಹೇಗೆ ಬಂದಿದೆಯೋ ಗೊತ್ತಿಲ್ಲ."

ಬಟ್ಟಲಿಗೆ ಬಡಿಸಿ ನನ್ನ ಮುಂದೆ ಇಟ್ಟಳು. ನನಗೆ ಬಕಾಸುರನ ಹಸಿವು. ಬಿಸ್ಮಿಲ್ಲಾ ಎಂದು ಬಾಯಿಗಿಟ್ಟೆ. ನಾಲಿಗೆ ಸುಟ್ಟಿತು. ಇಷ್ಟು ಮೆತ್ತಗೆ ಬೆಂದ ಮಾಂಸವನ್ನು ನಮ್ಮ ಅಮ್ಮಿಯೂ ಮಾಡಿಲ್ಲ (ಇದನ್ನು ಅಮ್ಮಿ ಓದಬಾರದು). ಅರ್ಧ ಬಟ್ಟಲು ಮುಗಿಸಿ ತಲೆ ಎತ್ತಿದೆ.

ಅವಳು ತಿನ್ನುತ್ತಿರಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದಳು. ಇನ್ನೊಂದು ಕೈಯಲ್ಲಿ ಗಡಿಯಾರ ಬಿಚ್ಚಿ ಹಿಡಿದಿದ್ದಳು.

"ಏನೇ ಅದು?"

"ಏನಿಲ್ಲ. ತಿನ್ನು."

"ನನಗೆ ಅಲರ್ಜಿ ಇಲ್ಲ ಅಂತ ಗೊತ್ತಲ್ಲ ನಿನಗೆ?"

"ಗೊತ್ತು ಕಣೇ," ಎಂದಳು. ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. "ಆದ್ರೂ ಒಂದು ಹದಿನೈದು ನಿಮಿಷ ಕೂತಿರು. ಅಭ್ಯಾಸ ಆಗಿಹೋಗಿದೆ."

ಅವಳ ಬಾಣಲೆಯ ಸಾರು ಆರುತ್ತಿತ್ತು. ಹದಿನೈದು ನಿಮಿಷ ಅವಳಿಗೆ ಕೇಳುವ ಹಾಗೆ ಜೋರಾಗಿ ಉಸಿರಾಡುತ್ತ ಕೂತೆ.